ಫೋಟೋದ ಬೆನ್ನಿಗೆ ದಿನಾಂಕ ಹಾಕಿಕೊಡಿ

ಮಾನ್ಯ ಸಂಪಾದಕರೇ,

ಮೊಬೈಲ್‌ನಲ್ಲಿರುವ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಆಲ್ಬಂ ಮಾಡಬೇಕು ಅಂತಿರುವವರಿಗೂ, ಪ್ರಿಂಟ್ ಹಾಕಿಕೊಡುವ ಸ್ಟುಡಿಯೋದವರಿಗೂ ಒಂದು ಮನವಿ. ಫೋಟೋದ ಹಿಂಬದಿಗೆ ದಿನಾಂಕ ಬರುವಂತೆ ನೋಡಿಕೊಳ್ಳಿ. ಯಾರೂ ಕೂತು ಬರೆಯಬೇಕಾಗಿಲ್ಲ, ಅದು ಫೋಟೋದ ಒಳಗೇ ಇದೆ.

ಹಳೇ ಕಪ್ಪು ಬಿಳುಪು ಫೋಟೋ ತಿರುಗಿಸಿ ನೋಡಿದರೆ ಸ್ಟುಡಿಯೋದ ರಬ್ಬರ್ ಸ್ಟಾಂಪ್ ಇರುತ್ತಿತ್ತು, ಅದರ ಕೆಳಗೆ ಮನೆಯವರು ಯಾರೋ ಇಂಕ್ ಪೆನ್ನಲ್ಲಿ ಹೆಸರು, ಊರು, ಇಸವಿ ಬರೆದಿರುತ್ತಿದ್ದರು. ಆಮೇಲೆ ಬಂದ ಕಲರ್ ಫೋಟೋಗಳಲ್ಲಿ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಾದರೂ ಇರುತ್ತಿದ್ದವು. ಈಗಿನ ಪ್ರಿಂಟ್ ತಿರುಗಿಸಿದರೆ ಪೇಪರ್ ಕಂಪನಿಯ ಹೆಸರು ಬಿಟ್ಟು ಏನೂ ಇಲ್ಲ. ತಮಾಷೆ ಅಲ್ವಾ? ಈಗಿನ ಕ್ಯಾಮೆರಾ, ಮೊಬೈಲ್‌ಗಳು ಫೋಟೋ ತೆಗೆದ ಕೂಡಲೇ ದಿನ, ಗಂಟೆ, ನಿಮಿಷ, ಸೆಕೆಂಡ್, ಕ್ಯಾಮೆರಾ ಮಾಡೆಲ್, ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವನ್ನೂ ಆ ಫೈಲಿನೊಳಗೇ ಬರೆದಿಡುತ್ತವೆ. ಇದಕ್ಕೆ ಎಕ್ಸಿಫ್ ಅಂತಾರೆ. 1995ರಲ್ಲಿ ಜಪಾನಿನವರು ಶುರು ಮಾಡಿದ್ದು, ಹೊಸದೇನಲ್ಲ.

ಇಷ್ಟೆಲ್ಲ ಇರುವುದನ್ನು ನಾವೇ ಅಳಿಸುತ್ತಿದ್ದೇವೆ, ವಾಟ್ಸಾಪ್‌ನಲ್ಲಿ. ಅಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿಕ್ಕದಾಗುವುದಷ್ಟೇ ಅಲ್ಲ, ಈ ಮಾಹಿತಿಯೂ ಕಿತ್ತುಹೋಗುತ್ತದೆ. ಫೈಲ್ ಹೆಸರಿನಲ್ಲಿ ಕಾಣುವ ತಾರೀಖು ತೆಗೆದ ದಿನದ್ದಲ್ಲ, ಫೋಟೋ ನಿಮ್ಮ ಫೋನಿಗೆ ಬಂದ ದಿನದ್ದು. ಅಮೆರಿಕದಲ್ಲಿರುವ ಅಕ್ಕ 2016ರ ಸೀಮಂತದ ಫೋಟೋಗಳನ್ನು ಈಗ ಕಳಿಸಿದಳು ಅನ್ನಿ, ಹೆಸರು ನೋಡಿ ಜೋಡಿಸಿದರೆ ಆ ಮಗು ಸ್ಕೂಲಿಗೆ ಹೋದ ಫೋಟೋ ಆದ ಮೇಲೆ ಸೀಮಂತ ಬರುತ್ತದೆ! ಅದನ್ನೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಸ್ಟುಡಿಯೋದವರು 'ವಾಟ್ಸಾಪ್ ಮಾಡಿ ಸಾರ್' ಅನ್ನುವ ಬದಲು ಪೆನ್‌ಡ್ರೈವ್ ಕೇಳಿದರೆ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ ಅಂದರೆ ಅರ್ಧ ಕೆಲಸ ಆದಂತೆ.

ಅಳಿಸಿದರೆ ಒಳ್ಳೇದೇ, ಮನೆ ಎಲ್ಲಿದೆ ಅಂತ ಗೊತ್ತಾಗಲ್ಲ ಅನ್ನುವವರಿದ್ದಾರೆ. ಸರಿಯಾದ ಮಾತೇ. ಊರಿಗೆಲ್ಲ ಕಾಣುವಂತೆ ಹಾಕುವ ಮಕ್ಕಳ ಫೋಟೋದಲ್ಲಿ ಮನೆಯ ಜಾಗ ಇರಬಾರದು. ಆದರೆ ಆಲ್ಬಂಗೆ ಅಂತ ಅಣ್ಣ ತಮ್ಮಂದಿರಲ್ಲಿ ಹಂಚಿಕೊಳ್ಳುವಾಗ ಯಾರಿಂದ ಮುಚ್ಚಿಡಬೇಕು?

ಇನ್ನು ಲ್ಯಾಬಿನವರು. ಎಷ್ಟೋ ಪ್ರಿಂಟಿಂಗ್ ಮಷೀನುಗಳಲ್ಲಿ ಕಾಗದದ ಹಿಂದೆ ಒಂದೆರಡು ಸಾಲು ಅಚ್ಚು ಹಾಕುವ ಸೌಲಭ್ಯ ಇದೆ. ಫೈಲ್ ಹೆಸರು, ತೆಗೆದ ದಿನಾಂಕ ಅಷ್ಟು ಬಂದರೆ ಸಾಕು. ನಮ್ಮ ಕಡೆ ಒಂದು ಸ್ಟುಡಿಯೋದಲ್ಲಿ ದಿನಾಂಕ ಬೇಕು ಅಂತ ಕೇಳಿದ್ದಕ್ಕೆ ಮುಂದೆಯೇ ದಪ್ಪಕ್ಷರದಲ್ಲಿ, ಅಜ್ಜಿಯ ಸೆರಗಿನ ಮೇಲೆ ಹಾಕಿಕೊಟ್ಟರು. ಹಾಗಲ್ಲ ಸ್ವಾಮಿ, ಹಿಂದೆ! ನಾವೇ ಬಾಲ್ ಪೆನ್ನಲ್ಲಿ ಒತ್ತಿ ಬರೆದರೆ ಮುಖದ ಕಡೆಗೆ ಗುರುತು ಮೂಡುತ್ತದೆ.

ಮದುವೆ ಫೋಟೋಗ್ರಾಫರುಗಳಿಗೂ ಒಂದು ಮಾತು. ಮಂಟಪಕ್ಕೆ ಬರುವ ಮುಂಚೆ ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದೇ ಮಾಡಿಕೊಳ್ಳಿ. ಒಂದರಲ್ಲಿ ಬೆಳಗ್ಗೆ ಸಂಜೆ ಅದಲು ಬದಲಾದರೂ ಸಾಕು, ಊಟ ಮುಗಿದ ಮೇಲೆ ಧಾರೆ ಎರೆದಂತಾಗುತ್ತದೆ. ಆಗಿಹೋಗಿದ್ದರೂ ಚಿಂತೆ ಬೇಡ. ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಅಂತ ದುಡ್ಡು ಕೊಡದೆ ಸಿಗುವ ತಂತ್ರಾಂಶಗಳಿವೆ. ಇಷ್ಟು ಗಂಟೆ ಹಿಂದೆ ಸರಿಸು ಅಂದರೆ ಸಾವಿರ ಫೋಟೋಗಳ ಸಮಯವನ್ನೂ ಒಟ್ಟಿಗೇ ಸರಿಮಾಡುತ್ತವೆ, ತೆಗೆದ ದಿನಾಂಕವನ್ನೇ ಫೈಲಿಗೆ ಹೆಸರಾಗಿ ಕೊಡುತ್ತವೆ. ಹಳೇ ಫೋಟೋ ಸ್ಕ್ಯಾನ್ ಮಾಡಿದವರು ಇದರಲ್ಲೇ ಮದುವೆಯ ಇಸವಿ ಹಾಕಿಕೊಳ್ಳಬಹುದು, ಇಲ್ಲದಿದ್ದರೆ ಅಜ್ಜ ಅಜ್ಜಿಯ ಮದುವೆ ಸ್ಕ್ಯಾನ್ ಮಾಡಿದ ದಿನವೇ ಆದಂತೆ ತೋರಿಸುತ್ತದೆ.

ಯಾರು ಯಾರು ಇದ್ದಾರೆ ಅಂತ ಹೆಸರುಗಳನ್ನು ಕನ್ನಡದಲ್ಲೇ ಫೈಲಿನೊಳಗೆ ಬರೆದಿಡಬಹುದು. ಗೂಗಲ್ ಫೋಟೋಸ್‌ನಲ್ಲಿ ಬರೆದರೆ ಸಾಕಲ್ಲ ಅಂದುಕೊಳ್ಳಬೇಡಿ. ಅಲ್ಲಿ ಬರೆದ ವಿವರ, ತಿದ್ದಿದ ದಿನಾಂಕ ಫೋಟೋದೊಳಗೆ ಸೇರುವುದಿಲ್ಲ, ಗೂಗಲ್‌ನ ಡೌನ್‌ಲೋಡ್ ಸೌಲಭ್ಯವಾದ ಟೇಕ್‌ಔಟ್‌ನಲ್ಲಿ ಎಲ್ಲವನ್ನೂ ಇಳಿಸಿಕೊಂಡಾಗ ಬೇರೆ ಫೈಲಾಗಿ ಬರುತ್ತದೆ. ಅಂಥ ಫೋಟೋ ಪ್ರಿಂಟಿಗೆ ಕೊಟ್ಟರೆ ಲ್ಯಾಬಿನ ಮಷೀನಿಗೆ ಸಿಗುವುದು ಹಳೇ ದಿನಾಂಕವೇ.

ಕೊನೆಗೆ ನಿಮಗೂ ಒಂದು ವಿನಂತಿ. ಪತ್ರಿಕೆಗಳು ಓದುಗರಿಂದ ಫೋಟೋ ಕೇಳುವಾಗ ವಾಟ್ಸಾಪ್ ನಂಬರ್ ಕೊಡುತ್ತೀರಲ್ಲ, ಅದರ ಪಕ್ಕ 'ಡಾಕ್ಯುಮೆಂಟ್ ಆಗಿ ಕಳಿಸಿ' ಅಂತ ಸೇರಿಸಿ. ಮಳೆಗಾಲ ಬಂತೆಂದರೆ ಜೋಗದ ಹಳೇ ಫೋಟೋಗಳು ಇವತ್ತಿನದು ಅಂತ ಓಡಾಡುತ್ತವೆ. ಒಳಗಿನ ದಿನಾಂಕವನ್ನೂ ಬೇಕಾದರೆ ತಿದ್ದಬಹುದು ನಿಜ, ಆದರೆ ಸುಮ್ನೆ ಫಾರ್ವರ್ಡ್ ಮಾಡುವವರು ಅಷ್ಟು ಕಷ್ಟಪಡುವುದಿಲ್ಲ. ಹಾಗಾಗಿ ಅಚ್ಚು ಹಾಕುವ ಮುಂಚೆ ಒಮ್ಮೆ ತೆರೆದು ನೋಡಿದರೂ ಎಷ್ಟೋ ಸಿಕ್ಕಿಬೀಳುತ್ತವೆ.

ಒಬ್ಬ ಓದುಗ, ಶಿವಮೊಗ್ಗ