ಗುತ್ತಿಗೆ ರೈತರಿಗೂ ಪರಿಹಾರ ಸಿಗಲಿ

ಮಾನ್ಯ ಸಂಪಾದಕರೇ,

ಲಾಕ್‌ಡೌನ್‌ನಲ್ಲಿ ದೇವಸ್ಥಾನಗಳು ಮುಚ್ಚಿ, ಮದುವೆ, ಜಾತ್ರೆಗಳು ನಿಂತಾಗ ಚಿಕ್ಕಬಳ್ಳಾಪುರ ಸುತ್ತಮುತ್ತಲಿನ ಸೇವಂತಿಗೆ ಬೆಳೆಗಾರರು, ಕೊಯ್ಲಿನ ಕೂಲಿಯೂ ಹುಟ್ಟದೆ, ಅರಳಿ ನಿಂತ ತೋಟಗಳ ಮೇಲೆಯೇ ಟ್ರ್ಯಾಕ್ಟರ್ ಹರಿಸಿದರು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಒಂದು ಹೆಕ್ಟೇರ್ ಮಿತಿಯಲ್ಲಿ 25,000 ರೂಪಾಯಿ ಪರಿಹಾರ ಘೋಷಿಸಿದ್ದು ಸ್ವಾಗತಾರ್ಹವೇ ಆಗಿತ್ತು. ಆದರೆ ಮರುವರ್ಷದ ಎರಡನೇ ಅಲೆಯಲ್ಲಿ ಅದನ್ನು 10,000 ರೂಪಾಯಿಗೆ ಇಳಿಸಲಾಯಿತು. ನಷ್ಟವೇನೂ ಇಳಿದಿರಲಿಲ್ಲ.

ಇದಕ್ಕಿಂತ ನೋವಿನ ಸಂಗತಿಯೆಂದರೆ, ಪಹಣಿ ಮತ್ತು ಬೆಳೆ ಸಮೀಕ್ಷೆಯ ದಾಖಲೆಗಳನ್ನೇ ನೆಚ್ಚಿಕೊಂಡಿದ್ದರಿಂದ ಗುತ್ತಿಗೆಗೆ ಭೂಮಿ ಪಡೆದು ಬೆಳೆದವರು ಹೊರಗುಳಿದರು. ನಮ್ಮ ಊರಿನಲ್ಲಿ ಸಾಲ ತಂದು ಸಸಿ, ಗೊಬ್ಬರ, ಹನಿ ನೀರಾವರಿಯ ಪೈಪುಗಳಿಗೆ ಹಣ ಸುರಿದವರು ಅವರೇ. ಅವರ ಕೈಗೆ ಬಿಡಿಗಾಸೂ ಬರಲಿಲ್ಲ. ರಾಜ್ಯದ ಭೂಸುಧಾರಣಾ ಕಾನೂನು ಗೇಣಿಯನ್ನು ನಿಷೇಧಿಸಿರುವುದರಿಂದ ಲಿಖಿತ ಕರಾರಿಗೆ ಮಾಲೀಕರು ಹೆದರುತ್ತಾರೆ, ಮತ್ತು ಅವರ ಹೆದರಿಕೆ ಸಹಜವೂ ಹೌದು. ಮಾಲೀಕತ್ವಕ್ಕೆ ಧಕ್ಕೆಯಾಗದಂತೆ 11 ತಿಂಗಳ ಸಾಗುವಳಿ ಕರಾರಿಗೆ ಅವಕಾಶ ನೀಡುವ ಕಾಯ್ದೆಯನ್ನು ನೆರೆಯ ಆಂಧ್ರಪ್ರದೇಶ 2019ರಲ್ಲಿಯೇ ತಂದಿತ್ತು. ಅಂಥದೊಂದು ವ್ಯವಸ್ಥೆಯನ್ನು ನಮ್ಮ ಸರ್ಕಾರವೂ ರೂಪಿಸಿ, ಬೆಳೆ ಸಮೀಕ್ಷೆಯಲ್ಲಿ ಜಮೀನಿನ ಒಡೆಯರ ಹೆಸರಿನ ಜೊತೆಗೆ ಸಾಗುವಳಿದಾರರ ಹೆಸರನ್ನೂ ಕಡ್ಡಾಯವಾಗಿ ದಾಖಲಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓರ್ವ ಹೂ ಬೆಳೆಗಾರ, ಚಿಕ್ಕಬಳ್ಳಾಪುರ ಜಿಲ್ಲೆ