ಅರಬ್ಬಿ ಕಲಿಯೋಕೆ ಕೈರೋಗೆ ಬರೋರಿಗೆ ಇದನ್ನೂ ಹೇಳಿ

ಸಂಪಾದಕರಿಗೆ ನಮಸ್ಕಾರ,

ವಿದೇಶದಲ್ಲಿ ಓದೋದು ಅಂದ್ರೆ ನಮ್ಮ ಪೇಪರ್‌ಗಳಲ್ಲಿ ಬರೋದು ಬರೀ ಎಂಬಿಬಿಎಸ್ಸು, ಎಂಎಸ್ಸು, ಜರ್ಮನಿ, ಕೆನಡಾ. ಭಾಷೆ ಕಲಿಯೋಕೆ ಅಂತಲೇ ಹೊರಟೋರ ಬಗ್ಗೆ ಯಾರೂ ಬರೆಯಲ್ಲ. ಹಾಗಾಗಿ ಅರಬ್ಬಿ ಕಲಿಯೋಕೆ ಈಜಿಪ್ಟ್‌ಗೆ ಹೋಗ್ತೀನಿ ಅನ್ನೋ ಹುಡುಗರಿಗೆ ವಾಟ್ಸಾಪಲ್ಲಿ ಬರೋ "ಮೂರೇ ತಿಂಗಳಲ್ಲಿ ಅರಬ್ಬಿ" ಜಾಹೀರಾತೇ ಗತಿ. ನಾನು ದಕ್ಷಿಣ ಕನ್ನಡದವನು, ಈಗ ಕೈರೋದ ನಸ್ರ್ ಸಿಟಿಯಲ್ಲಿ ರೂಮ್ ಮಾಡ್ಕೊಂಡು ಕಲೀತಾ ಇದೀನಿ. ಮೂರು ತಿಂಗಳು ಅನ್ನೋದು ಶುದ್ಧ ಸುಳ್ಳು.

ಮದ್ರಸದಲ್ಲಿ ಓದಿ ಬಂದ ನಮ್ಮಂಥೋರಿಗೆ ಅಕ್ಷರ ಬರುತ್ತೆ, ಕುರ್‌ಆನ್ ಸಲೀಸಾಗಿ ಓದ್ತೀವಿ, ಆದ್ರೆ ಅದ್ರಲ್ಲಿ ಅ, ಇ, ಉ ಸ್ವರದ ಗುರುತು ಪೂರ್ತಿ ಹಾಕಿರ್ತಾರೆ. ಇಲ್ಲಿನ ಪೇಪರಲ್ಲಿ, ಅಂಗಡಿ ಬೋರ್ಡಲ್ಲಿ ಅವು ಇರೋದೇ ಇಲ್ಲ, ವ್ಯಾಕರಣ ತಲೇಲಿದ್ರೆ ಮಾತ್ರ ಪದ ಬಾಯಿಗೆ ಬರೋದು. ಅಂಕಿಗಳೂ ಬೇರೆ. ಐದು ಬರೆಯೋದು ನಮ್ಮ ಸೊನ್ನೆ ಥರ, ಸೊನ್ನೆಗೆ ಬರೀ ಒಂದು ಚುಕ್ಕಿ, ಆರು ನೋಡೋಕೆ ಇಂಗ್ಲಿಷ್ ಏಳು. ತರಕಾರಿ ಅಂಗಡೀಲಿ ರಟ್ಟಿನ ಮೇಲೆ ಒಂದು ಸೊನ್ನೆ, ಪಕ್ಕದಲ್ಲಿ ಚುಕ್ಕಿ ಇದ್ರೆ ಅದು ಐವತ್ತು ಪೌಂಡು (ಈಜಿಪ್ಟಿನ ದುಡ್ಡು), ಫ್ರೀ ಅಲ್ಲ!

ಕನ್ನಡದೋರಿಗೆ ಒಂದು ಲಾಭ ಇದೆ. "ಅವನು ಮೇಷ್ಟ್ರು", "ಮನೆ ದೊಡ್ಡದು" ಅಂತ ಕ್ರಿಯಾಪದ ಇಲ್ದೇನೇ ನಾವು ಮಾತಾಡ್ತೀವಲ್ಲ, ಅರಬ್ಬಿಯಲ್ಲೂ ಹಾಗೇ. ಯುರೋಪಿಂದ ಬಂದೋರು ಅಲ್ಲಿ ತಡವರಿಸ್ತಾರೆ. ಆದ್ರೆ ಬಹುವಚನಕ್ಕೆ ಬಂದ್ರೆ ಎಲ್ಲರದ್ದೂ ಒಂದೇ ಪಾಡು, ನಮ್ಮ "ಗಳು" ಥರ ಒಂದನ್ನ ಅಂಟಿಸಿ ಮುಗಿಸೋಕಾಗಲ್ಲ, ಎಷ್ಟೋ ಪದಗಳಿಗೆ ಅದರದ್ದೇ ಬಹುವಚನ ಬಾಯಿಪಾಠ ಮಾಡ್ಬೇಕು.

ದೊಡ್ಡ ತಾಪತ್ರಯ ಇರೋದು ಕ್ಲಾಸಿಂದ ಹೊರಗೆ. ಮರ್ಕಝ್‌ನಲ್ಲಿ, ಅಂದ್ರೆ ಭಾಷೆ ಕಲಿಸೋ ಸೆಂಟರಲ್ಲಿ, ಕಲಿಸೋದು ಫುಸ್‌ಹಾ, ಅಂದ್ರೆ ಪುಸ್ತಕದ ಅರಬ್ಬಿ, ಬೀದೀಲಿ ಆಡೋದು ಆಮ್ಮಿಯ್ಯ. ಫುಸ್‌ಹಾದಲ್ಲಿ ಟೊಮೆಟೊ ಕೇಳಿದ್ರೆ ಅಂಗಡಿಯವನು ನಗ್ತಾನೆ, ತಾಳಮದ್ದಳೆಯ ಅರ್ಥಧಾರಿ ಮೀನು ಮಾರ್ಕೆಟಿಗೆ ಬಂದು ಅದೇ ಧಾಟೀಲಿ ಬಂಗುಡೆ ರೇಟು ಕೇಳಿದ ಹಾಗಿರುತ್ತೆ ಅದು. ಮೈಕ್ರೋಬಸ್, ಅಂದ್ರೆ ಜನ ಹಂಚ್ಕೊಂಡು ಹೋಗೋ ವ್ಯಾನ್, ಹತ್ತಿದ್ರಂತೂ ಹೆಚ್ಚಾಗಿ ಕಂಡಕ್ಟರ್ ಅಂತ ಯಾರೂ ಇರಲ್ಲ, ಹಿಂದಿನ ಸೀಟಿನೋರು ಭುಜ ತಟ್ಟಿ ನೋಟು ಕೈಗಿಡ್ತಾರೆ, ಇಬ್ಬರದ್ದು ಅಂತಾರೆ, ಇನ್ನೊಬ್ಬ ಮೂವರದ್ದು ಅಂತಾನೆ, ಅದನ್ನೆಲ್ಲ ಲೆಕ್ಕ ಹಾಕಿ ಡ್ರೈವರ್‌ಗೆ ದಾಟಿಸಿ, ಚಿಲ್ಲರೆ ಯಾರ್ಯಾರದ್ದು ಎಷ್ಟೆಷ್ಟು ಅಂತ ನೋಡಿ ಹಿಂದಕ್ಕೆ ದಾಟಿಸ್ಬೇಕು, ಅಷ್ಟರಲ್ಲಿ ನಮ್ಮ ಸ್ಟಾಪ್ ಬಂದಿರುತ್ತೆ, "ಅಲಾ ಗಂಬ್ ಯಾ ಉಸ್ತಾ" (ಸೈಡಿಗೆ ನಿಲ್ಸಿ ಡ್ರೈವರೇ) ಅಂತ ಕೂಗದಿದ್ರೆ ಗಾಡಿ ನಿಲ್ಲಲ್ಲ. ಇದನ್ನ ಯಾವ ಮೇಷ್ಟ್ರೂ ಕಲಿಸಲ್ಲ. ನನ್ ಕೇಳಿದ್ರೆ ಅಂಕಿ ಕಲಿಯೋಕೆ ಕ್ಲಾಸಿಗಿಂತ ಮೈಕ್ರೋಬಸ್ಸಿನ ಮುಂದಿನ ಸೀಟೇ ವಾಸಿ.

ದುಡ್ಡಿನ ವಿಷಯಾನೂ ಹೇಳ್ಬೇಕು. 2024ರ ಮಾರ್ಚಲ್ಲಿ ಪೌಂಡ್ ಬಿದ್ದು ಡಾಲರ್‌ಗೆ 31ರ ಹತ್ರ ಇದ್ದಿದ್ದು 50ರ ಹತ್ರ ಹೋಯ್ತು, ಹಾಗಾಗಿ ಕೈರೋ ಅಗ್ಗ ಅಂತ ಊರಲ್ಲಿ ಹೇಳ್ತಾರೆ. ಕುಶರಿ, ಫೂಲ್, ಬಲದಿ ರೊಟ್ಟಿ ಅಂತ ಇಲ್ಲಿನ ಸಾದಾ ಊಟ ತಿಂದ್ಕೊಂಡಿದ್ರೆ ಹೊಟ್ಟೆಪಾಡು ಅಗ್ಗವೇ. ಆದ್ರೆ ಡಾಲರಲ್ಲೇ ಫೀಸು ಕೇಳೋ ಕಡೆ ಅದ್ರಿಂದ ಏನೂ ಉಳಿಯಲ್ಲ, 2023ರಲ್ಲಿ ಸುಡಾನಲ್ಲಿ ಯುದ್ಧ ಶುರುವಾಗಿ ಅಲ್ಲಿನ ಜನ ಇಲ್ಲಿಗೆ ಬಂದ ಮೇಲೆ ಬಾಡಿಗೇನೂ ಏರಿದೆ. ವೀಸಾ ರಿನ್ಯೂ ಮಾಡ್ಸೋಕೆ ಹೋದ್ರೆ "ಬುಕ್ರಾ", ಅಂದ್ರೆ ನಾಳೆ ಬಾ. ಶುಕ್ರವಾರ ಶನಿವಾರ ರಜೆ ಬೇರೆ.

ಇನ್ನೊಂದು, ರೂಮ್‌ಮೇಟ್. ನಮ್ಮೋರು ಅಂತ ಒಂದೇ ಫ್ಲ್ಯಾಟಲ್ಲಿ ಗುಂಪಾಗಿ ಇದ್ಬಿಟ್ರೆ ಕಥೆ ಮುಗೀತು. ಮನೇಲಿ ಮಲಯಾಳಂಗೆ ಹತ್ತಿರದ ಬ್ಯಾರಿ ಭಾಷೆ ಮಾತಾಡೋ ನಂಗೆ ಕೇರಳದ ಹುಡುಗರ ಜೊತೆ ಹೊಂದ್ಕೊಳ್ಳೋದು ಬಹಳ ಸುಲಭ, ಅದೇ ಸಮಸ್ಯೆ ಆಗಿದ್ದು. ರಾತ್ರಿ ಅಡುಗೆ, ಹರಟೆ ಎಲ್ಲಾ ಮಲಯಾಳಂನಲ್ಲೇ ನಡೀತಾ ಇತ್ತು, ಅರಬ್ಬಿ ನೋಟ್‌ಬುಕ್ ಬ್ಯಾಗಿಂದ ಹೊರಗೆ ಬರ್ತಾನೇ ಇರ್ಲಿಲ್ಲ. ಈಗ ಉಝ್ಬೆಕ್ ಹುಡುಗನೊಬ್ಬನ ಜೊತೆ ಇದೀನಿ, ಇಬ್ಬರಿಗೂ ಬೇರೆ ದಾರಿ ಇಲ್ಲ, ಉಪ್ಪು ಕೇಳೋಕೂ ಅರಬ್ಬೀನೇ ಬೇಕು.

ಆಸೆ ಇರೋರು ವ್ಯಾಕರಣದ ಬುನಾದಿ ಊರಲ್ಲೇ ಹಾಕ್ಕೊಂಡು ಬಂದ್ರೆ ಇಲ್ಲಿ ಖರ್ಚು ಮಾಡೋ ದುಡ್ಡು ಮಾತು ಕಲಿಯೋಕೆ ಉಳಿಯುತ್ತೆ. ನಿಮ್ಮ ಶಿಕ್ಷಣ ಪುಟದಲ್ಲಿ ಫೀಸು, ವೀಸಾ, ಬಾಡಿಗೆ ಎಲ್ಲಾ ವಿಚಾರಿಸಿ ಒಂದ್ಸಲ ವಿವರವಾಗಿ ಹಾಕಿ ಸಾರ್, ಬೇಕಿದ್ರೆ ಇಲ್ಲಿನ ಹುಡುಗರ ಹತ್ರ ಕೇಳಿ ನಾನೇ ಬರೆದು ಕಳಿಸ್ತೀನಿ.

ಇತಿ,
ಕೈರೋದಲ್ಲಿರುವ ದಕ್ಷಿಣ ಕನ್ನಡದ ಒಬ್ಬ ವಿದ್ಯಾರ್ಥಿ