ಸಿನಿಮಾ ಮುಗಿದ ಮೇಲೆ ಲೈಟು ಹಾಕಿ, ಆದರೆ ಜನರನ್ನು ಎಬ್ಬಿಸಬೇಡಿ

ಮಾನ್ಯ ಸಂಪಾದಕರೇ,

ಪರಿಸರದ ಸಿನಿಮಾಗಳನ್ನು ಊರೂರಲ್ಲಿ ತೋರಿಸುವ ಕೆಲಸ ಈಚೆಗೆ ಅಲ್ಲಲ್ಲಿ ನಡೆಯುತ್ತಿದೆ. ಶಾಲೆಯವರು, ಯುವಕ ಸಂಘದವರು, ಕೆಲವು ಕಡೆ ಅರಣ್ಯ ಇಲಾಖೆಯವರೇ ಪ್ರೊಜೆಕ್ಟರ್ ತಂದು ಒಂದು ಸಂಜೆ ಚಿತ್ರ ಹಾಕುತ್ತಾರೆ. ಒಳ್ಳೆಯ ಕೆಲಸ, ಇನ್ನೂ ಜಾಸ್ತಿ ಆಗಬೇಕು. ಆದರೆ ನಾನು ನೋಡಿದ ಬಹುಪಾಲು ಕಡೆ ನಡೆಯೋದು ಹೀಗೆ: ಚಿತ್ರಕ್ಕೆ ಮೊದಲು ಸ್ವಾಗತ, ಪ್ರಾಸ್ತಾವಿಕ ಮಾತು, ಅತಿಥಿಗಳ ಭಾಷಣ. ಆಮೇಲೆ ಚಿತ್ರ. ಅದು ಮುಗಿದ ಕೂಡಲೇ ವಂದನಾರ್ಪಣೆ. ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ಹೊಳೆ, ಕಾಡು, ಕೆರೆ ಯಾರ ಮನೆ ಪಕ್ಕದಲ್ಲಿದೆಯೋ ಅವರಿಗೇ ಮಾತಾಡೋಕೆ ಹೊತ್ತು ಸಿಗುವುದಿಲ್ಲ.

ಚಿತ್ರ ಮುಗಿದ ಮೇಲಿನ ಆ ಒಂದು ಗಂಟೆಗಾಗಿಯೇ ಚಿತ್ರ ತೋರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಹೇಳೋಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನವನು. ನಮ್ಮಲ್ಲಿ ಸಿನಿಮಾ ನೋಡಿ ಕೂತು ಮಾತಾಡುವುದು ಹೊಸದೇನಲ್ಲ. ಹೆಗ್ಗೋಡಿನ ನೀನಾಸಂನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ಚಿತ್ರಸಮಾಜ, ಅಂದರೆ ಒಳ್ಳೆಯ ಸಿನಿಮಾ ತರಿಸಿ ಒಟ್ಟಿಗೆ ನೋಡುವ ಕೂಟ, ಶುರು ಮಾಡಿದರು. ಅಡಿಕೆ ಸುಲಿದು, ಕೊಟ್ಟಿಗೆ ಕೆಲಸ ಮುಗಿಸಿ ಬಂದ ಜನ ಸತ್ಯಜಿತ್ ರೇ, ಕುರೊಸಾವಾ ಅವರ ಚಿತ್ರ ನೋಡಿದರು, ಆಮೇಲೆ ಅದರ ಬಗ್ಗೆ ವಾದ ಮಾಡಿದರು. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ ಅಂತ ಆಗ ಹೇಳಿದವರಿದ್ದರು. ಅರ್ಥ ಆಯಿತು. ಯಾಕೆಂದರೆ ಅಲ್ಲಿ ತೋರಿಸಿ ಕಳಿಸುತ್ತಿರಲಿಲ್ಲ, ಕೂರಿಸಿ ಮಾತಾಡಿಸುತ್ತಿದ್ದರು. 1983ರ ಹೊತ್ತಿಗೆ ‘ಜನಸ್ಪಂದನ’ ಅಂತ ಅದನ್ನೇ ನಾಡಿನ ಬೇರೆ ಬೇರೆ ಊರುಗಳಿಗೂ ತೆಗೆದುಕೊಂಡು ಹೋದರು. ಅದೇ ವರ್ಷದ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡು ಕಡಿಯೋದನ್ನು ತಡೆಯೋಕೆ ಮರ ಅಪ್ಪಿಕೊಂಡರು, ಅಪ್ಪಿಕೋ ಚಳವಳಿ ಶುರುವಾಯಿತು. ಆ ಚಳವಳಿ ಊರಿಂದ ಊರಿಗೆ ಹೋದದ್ದು ಪಾದಯಾತ್ರೆಯಲ್ಲಿ, ಬೀದಿ ನಾಟಕದಲ್ಲಿ, ಸ್ಲೈಡ್ ಶೋನಲ್ಲಿ. ಗೋಡೆ ಮೇಲೆ ನಾಲ್ಕು ಚಿತ್ರ ಬಿಟ್ಟು, ಇದು ನಿಮ್ಮ ಕಾಡು, ಮೊದಲು ಹೇಗಿತ್ತು, ಈಗ ಹೇಗಿದೆ ಅಂತ ಕೇಳಿದರೆ ಸಾಕಿತ್ತು, ಮುಂದಿನದನ್ನು ಜನವೇ ಹೇಳುತ್ತಿದ್ದರು.

ಈಗಲೂ ಹಾಗೇ ಆಗುತ್ತದೆ ಅನ್ನೋದಕ್ಕೆ ನಮ್ಮೂರಿನದೇ ಒಂದು ಸಂಗತಿ. ಶಾಲೆಯ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ ಹೊಳೆಯ ಮೀನುಗಳ ಬಗ್ಗೆ ಒಂದು ಸಣ್ಣ ಚಿತ್ರ ಹಾಕಿದ್ದೆವು. ಮುಗಿದ ಮೇಲೆ ಯಾರೂ ಏಳಲಿಲ್ಲ, ಹಾಗಂತ ಯಾರೂ ಮಾತನ್ನೂ ಆಡಲಿಲ್ಲ. ಮೇಷ್ಟ್ರು ಒಂದು ಪ್ರಶ್ನೆ ಕೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿಯೊಬ್ಬರು, “ಸಿನಿಮಾದಾಗಿನ ಹೊಳೆ ಇರ್ಲಿ ತಮ್ಮಾ, ನಮ್ ಹಳ್ಳದಾಗೆ ಏಡಿ ಕಂಡು ಎಷ್ಟ್ ವರ್ಷ ಆತು?” ಅಂದರು. ಅಷ್ಟೇ. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ಮೊದಲ ಮಳೆಗೆ ಗದ್ದೆಯವರೆಗೆ ಏರಿ ಬರುತ್ತಿದ್ದ ಹತ್ತುಮೀನಿನ ಕತೆ ಬಂತು, ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯುವವರ ಮೇಲೆ ಬೈಗುಳ ಬಂತು, ಕೊನೆಗೆ ಎಲ್ಲರೂ ತಪ್ಪಿಸಿಕೊಂಡು ಓಡಾಡುತ್ತಿದ್ದ ವಿಷಯವೂ ಬಂತು. ತೋಟಕ್ಕೆ ಕಳೆ ಔಷಧಿ ಹೊಡೆದ ಪಂಪನ್ನು ಎಲ್ಲರೂ ತೊಳೆಯುತ್ತಿದ್ದದ್ದು ಆ ಹಳ್ಳದಲ್ಲೇ. ಖಾಲಿ ಕ್ಯಾನು ಎಸೆಯುತ್ತಿದ್ದದ್ದೂ ಅದರ ದಡದಲ್ಲೇ. ಹೊರಗಿನವರು ಬಂದು ಇದನ್ನು ಹೇಳಿದ್ದರೆ ಜಗಳ ಆಗುತ್ತಿತ್ತು. ಅಜ್ಜಿ ಕೇಳಿದ್ದಕ್ಕೆ ಯಾರಿಗೂ ಸಿಟ್ಟು ಬರಲಿಲ್ಲ. ಅವತ್ತೇ ಮೂರು ಮಾತು ಒಪ್ಪಿಗೆಯಾಯಿತು: ಪಂಪನ್ನು ಹಳ್ಳಕ್ಕೆ ಇಳಿಸಬಾರದು, ತೊಳೆಯೋದಿದ್ದರೆ ಹಳ್ಳದಿಂದ ದೂರ ತೋಟದೊಳಗೇ ಗುಂಡಿ ಮಾಡಿ ತೊಳೆಯಬೇಕು, ಖಾಲಿ ಕ್ಯಾನಿಗೆ ಒಂದು ಡ್ರಮ್ ಇಡಬೇಕು. ಎಲ್ಲರೂ ಪಾಲಿಸುತ್ತಾರೆ ಅಂತ ಹೇಳಲಾರೆ. ಆದರೆ ಹಳ್ಳದಲ್ಲಿ ಪಂಪು ತೊಳೆಯೋಕೆ ಈಗ ಜನ ಹಿಂದೆ ಮುಂದೆ ನೋಡುತ್ತಾರೆ, ಯಾರಾದರೂ ಇಳಿಸಿದರೆ ಮಕ್ಕಳೇ ಕೂಗಿ ಹೇಳುತ್ತಾರೆ.

ಇದು ಒಂದೂರಿನ ಅದೃಷ್ಟದ ಮಾತಲ್ಲ. ನಮ್ಮ ರಾಜ್ಯದಲ್ಲೇ ಇದನ್ನು ಅಳತೆ ಮಾಡಿ ನೋಡಿದ್ದಾರೆ. 2006ರ ಹೊತ್ತಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಡಿಜಿಟಲ್ ಗ್ರೀನ್ ಅನ್ನುವ ಪ್ರಯೋಗ ಶುರುವಾಯಿತು. ಗ್ರೀನ್ ಫೌಂಡೇಶನ್ ಅನ್ನುವ ಸಂಸ್ಥೆಯ ಜತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ರೈತರದ್ದೇ ವಿಡಿಯೋ ಮಾಡಿ ರೈತರಿಗೇ ತೋರಿಸಿದರು. ಸುಮ್ನೆ ಹಾಕಿಬಿಟ್ಟು ಹೋಗುತ್ತಿರಲಿಲ್ಲ. ಊರಿನವರೇ ಒಬ್ಬರು ನಡುನಡುವೆ ವಿಡಿಯೋ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಯಾರು ಇದನ್ನು ಮಾಡಿ ನೋಡುತ್ತೀರಿ ಅಂತ ಬರೆದುಕೊಳ್ಳುತ್ತಿದ್ದರು, ಆಮೇಲೆ ಹೋಗಿ ವಿಚಾರಿಸುತ್ತಿದ್ದರು. ಹದಿಮೂರು ತಿಂಗಳ ಪ್ರಯೋಗದ ಕೊನೆಗೆ, ಬರೀ ತರಬೇತಿ ಮತ್ತು ಭೇಟಿಯ ಹಳೆ ಪದ್ಧತಿಗೆ ಹೋಲಿಸಿದರೆ ಹೊಸ ಕ್ರಮಗಳನ್ನು ಅಳವಡಿಸಿಕೊಂಡದ್ದು ಏಳು ಪಟ್ಟು ಜಾಸ್ತಿ ಅಂತ ಕಂಡುಬಂತು. ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಇನ್ನೊಂದು. ವಿಡಿಯೋ ನೋಡಿದ ರೈತರು ಮೊದಲು ಕೇಳುತ್ತಿದ್ದದ್ದು, ಈ ರೈತನ ಹೆಸರೇನು, ಇವನು ಯಾವ ಊರಿನವನು ಅಂತ. ನಮ್ಮಂಥವನೇ ಮಾಡಿದ್ದಾನೆ ಅಂತ ಗೊತ್ತಾದರೆ ತಾನೇ ನಂಬಿಕೆ ಬರೋದು, ಅಲ್ವಾ?

ಅದಕ್ಕೇ ದೂರದ ಹಿಮಕರಡಿ ಚಿತ್ರಕ್ಕಿಂತ ನಮ್ಮ ಹೊಳೆಯ ಚಿತ್ರ ಮೊದಲು ಹಾಕಿ ಅನ್ನುತ್ತೇನೆ. ಹಿಮಕರಡಿ ಬೇಡ ಅಂತಲ್ಲ. ಆದರೆ ಅದನ್ನು ನೋಡಿ ‘ಅಯ್ಯೋ ಪಾಪ’ ಅಂದ ಮೇಲೆ ಮಾಡೋಕೆ ಕೈಯಲ್ಲಿ ಏನೂ ಇರುವುದಿಲ್ಲ.

ಚಿತ್ರದಿಂದ ದೊಡ್ಡ ಕೆಲಸ ಆಗೋದಿಲ್ಲ ಅನ್ನುವವರಿಗೆ ಕುದುರೆಮುಖ ನೆನಪಿಸಬೇಕು. ವನ್ಯಜೀವಿ ಚಿತ್ರ ಮಾಡುವ ಶೇಖರ್ ದತ್ತಾತ್ರಿ ಅಲ್ಲಿನ ಕಬ್ಬಿಣದ ಅದಿರಿನ ಗಣಿಯ ಮೇಲೆ 2001ರಲ್ಲಿ ಒಂದು ಕಿರುಚಿತ್ರ ಮಾಡಿದರು. ರಾಷ್ಟ್ರೀಯ ಉದ್ಯಾನದ ನಡುವೆ ಬೆಟ್ಟ ಕೊರೆದದ್ದು, ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯೋದು, ಇದೆಲ್ಲ ಅಲ್ಲಿಯವರೆಗೆ ಬಹಳ ಜನರಿಗೆ ಬರೀ ಸುದ್ದಿಯಾಗಿತ್ತು. ಚಿತ್ರದಲ್ಲಿ ಅದು ಕಣ್ಣಿಗೆ ಬಿತ್ತು. ಹೋರಾಟಗಾರರು ಅದನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಿದರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಒಂದು ಕಿರುಚಿತ್ರವೇ ಗಣಿ ನಿಲ್ಲಿಸಿತು ಅಂತ ಹೇಳಿದರೆ ತಪ್ಪಾಗುತ್ತದೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಲ್ಲಿ ನಡೆದ ಆ ಮೊಕದ್ದಮೆಯ ಹಿಂದೆ ವಕೀಲರು, ವಿಜ್ಞಾನಿಗಳು, ವರ್ಷಗಟ್ಟಲೆ ದಾಖಲೆ ಕೂಡಿಹಾಕಿದವರು ಎಲ್ಲರೂ ಇದ್ದರು. ಕುದುರೆಮುಖದ ಹೆಸರು ಮಾತ್ರ ಕೇಳಿದ್ದ ಎಷ್ಟೋ ಜನ, ಇದು ನಮ್ಮ ವಿಷಯ ಅಂದುಕೊಂಡದ್ದರಲ್ಲಿ ಚಿತ್ರದ ಪಾಲೂ ಇದೆ. ಗುಜರಾತಿನ ಕರಾವಳಿಯ ತಿಮಿಂಗಿಲ ಶಾರ್ಕ್ ಬೇಟೆಯ ಮೇಲೆ ಮೈಕ್ ಪಾಂಡೆ ಮಾಡಿದ ಚಿತ್ರದ ಬೆನ್ನಿಗೇ, 2001ರಲ್ಲಿ, ಆ ಮೀನಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಅದೂ ಚಿತ್ರದಿಂದ ಶುರುವಾದ ಮಾತೇ.

ಇನ್ನು ಮಲೆನಾಡಿನದೇ ಒಂದು ಕಷ್ಟ ಇದೆ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನ ಇಲ್ಲ. ನಮ್ಮ ಕಡೆ ‘ಪರಿಸರ’ ಅಂದ ಕೂಡಲೇ ಅರ್ಧ ಜನಕ್ಕೆ ಅನುಮಾನ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿ ಅಂದರಂತೂ ಎದ್ದು ಹೋಗುತ್ತಾರೆ. ಅದರ ಆಧಾರದ ಮೇಲೆ 2024ರ ಜುಲೈ ಕೊನೆಗೆ ಬಂದ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಇತ್ತು. ತನ್ನ ಊರು ಅದರಲ್ಲಿದೆಯಾ, ಇದ್ದರೆ ಏನು ಮಾಡಬಹುದು, ಏನು ಮಾಡಬಾರದು ಅಂತ ಕನ್ನಡದಲ್ಲಿ ಕೂರಿಸಿ ಹೇಳಿದವರು ಎಷ್ಟು ಜನ? ಒಕ್ಕಲೆಬ್ಬಿಸುತ್ತಾರಂತೆ ಅನ್ನುವ ಮಾತು ಮಾತ್ರ ಮನೆ ಮನೆಗೂ ತಲುಪಿತು. ಜನರ ಹೆದರಿಕೆಗೆ ಕಾರಣ ಇಲ್ಲದೆ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದಕ್ಕೆ ಜಮೀನು ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅಣೆಕಟ್ಟಿನ ನೀರಲ್ಲಿ ಮುಳುಗುವ ಊರಿನ ಬಗ್ಗೆ ನಾ. ಡಿಸೋಜ ಬರೆದ ಕತೆಯನ್ನು ಗಿರೀಶ ಕಾಸರವಳ್ಳಿ ಚಿತ್ರ ಮಾಡಿದ ‘ದ್ವೀಪ’ಕ್ಕೆ ರಾಷ್ಟ್ರ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಶರಾವತಿ ಹಿನ್ನೀರಿನ ಜನರ ಜತೆ ಕೂತು ನೋಡಿ. ಮುಗಿದ ಮೇಲೆ ಯಾರೂ ಕ್ಯಾಮೆರಾ ಚೆನ್ನಾಗಿತ್ತು ಅನ್ನುವುದಿಲ್ಲ. ಹಕ್ಕುಪತ್ರದ ಮಾತು ಬರುತ್ತದೆ, ಮುಳುಗಿದ ದೇವಸ್ಥಾನದ ಮಾತು ಬರುತ್ತದೆ, ಇನ್ನೊಮ್ಮೆ ಮುಳುಗಿಸುತ್ತಾರಾ ಅನ್ನುವ ಪ್ರಶ್ನೆ ಬರುತ್ತದೆ. 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಇಡೀ ಜಿಲ್ಲೆ ಎದ್ದು ನಿಂತಿತು, ಆ ಹೋರಾಟದ ಮುಂದಾಳಾಗಿ ಡಿಸೋಜ ಅವರೇ ಇದ್ದರು. ನಮ್ಮ ಜನ ಪರಿಸರಕ್ಕೆ ವಿರೋಧಿಗಳಲ್ಲ. ತಮ್ಮನ್ನು ಬಿಟ್ಟು ಪರಿಸರದ ಮಾತಾಡುವವರನ್ನು ನಂಬುವುದಿಲ್ಲ, ಅಷ್ಟೇ. ಈಗ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ನೀರನ್ನು ಮೇಲಕ್ಕೆ ಎತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಮಾಡುವ ಯೋಜನೆ, ಬಂದಿದೆ. ಅದರ ಪರ ಇರುವವರೂ ವಿರೋಧ ಇರುವವರೂ ಒಂದೇ ಜಗಲಿಯಲ್ಲಿ ಕೂತು ಮಾತಾಡಬೇಕಾದರೆ ಮೊದಲು ಇಬ್ಬರೂ ಒಂದೇ ವಿಷಯವನ್ನು ಕಣ್ಣಾರೆ ನೋಡಿರಬೇಕು. ಸಿನಿಮಾ ಬಿಟ್ಟರೆ ಅಷ್ಟು ಸುಲಭದಲ್ಲಿ ಇಬ್ಬರನ್ನೂ ಕೂರಿಸುವ ದಾರಿ ನನಗೆ ಕಾಣುತ್ತಿಲ್ಲ.

ಇದಕ್ಕೆ ದುಡ್ಡು ಬೇಕು ಅಂತ ಯಾರೂ ಹೇಳಬಾರದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಆಗಿವೆ. ಹಲವು ಕಡೆ ಟಿ.ವಿ., ಕಂಪ್ಯೂಟರ್ ಬಂದಿದೆ. ಇಲ್ಲದ ಕಡೆ ಶಾಲೆಯ ಪ್ರೊಜೆಕ್ಟರ್ ಒಂದು ಸಂಜೆಗೆ ಕೇಳಿದರೆ ಕೊಡುತ್ತಾರೆ. ತಿಂಗಳಿಗೊಂದು ಚಿತ್ರ, ಅರ್ಧ ಗಂಟೆಗಿಂತ ಜಾಸ್ತಿ ಉದ್ದದ್ದು ಬೇಡ. ಕನ್ನಡದಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಸದ್ದು ಕಡಿಮೆ ಮಾಡಿ ಊರಿನವರೇ ಒಬ್ಬರು ಕನ್ನಡದಲ್ಲಿ ಹೇಳುತ್ತಾ ಹೋಗಲಿ, ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡಿ ಅಂತ ಕೂರಿಸುವುದು ಬೇಡ. ಚಿತ್ರ ಮಾಡಿದವರ ಅನುಮತಿ ಕೇಳಿ, ಹಳ್ಳಿಯಲ್ಲಿ ತೋರಿಸುತ್ತೇವೆ ಅಂದರೆ ಬಹಳಷ್ಟು ಜನ ಖುಷಿಯಿಂದ ಒಪ್ಪುತ್ತಾರೆ. ವೇದಿಕೆ, ಹಾರ, ಶಾಲು ಬೇಡ. ಅರಣ್ಯ ಇಲಾಖೆಯ ಗಾರ್ಡ್, ಪಿಡಿಒ ಬರಲಿ, ಆದರೆ ಜನರ ಜತೆ ಚಾಪೆ ಮೇಲೆ ಕೂರಲಿ. ಹೆಂಗಸರಿಗೆ ಅನುಕೂಲ ಆಗುವ ಹೊತ್ತು ಯಾವುದು ಅಂತ ಅವರನ್ನೇ ಕೇಳಿ ಇಡಿ, ರಾತ್ರಿ ಎಂಟಕ್ಕೆ ಇಟ್ಟರೆ ಅವರು ಅಡುಗೆಮನೆಯಲ್ಲಿರುತ್ತಾರೆ. ನೀರು ತರುವವರು, ಸೊಪ್ಪು ತರುವವರು ಅವರೇ ತಾನೇ, ಅವರಿಲ್ಲದ ಚರ್ಚೆಗೆ ಅರ್ಥ ಇಲ್ಲ.

ಮುಖ್ಯವಾಗಿ ಒಂದು ನೋಟ್ ಪುಸ್ತಕ ಇರಬೇಕು. ಚರ್ಚೆಯಲ್ಲಿ ಬಂದ ಮಾತು, ಯಾರು ಏನು ಮಾಡುತ್ತೇನೆ ಅಂದರು, ಇದನ್ನು ಬರೆದಿಡಬೇಕು. ಮುಂದಿನ ತಿಂಗಳು ಚಿತ್ರ ಹಾಕುವ ಮೊದಲು ಅದನ್ನು ಓದಬೇಕು. ಪಂಚಾಯಿತಿಯಿಂದ ಆಗಬೇಕಾದ ಕೆಲಸವಾದರೆ ಗ್ರಾಮಸಭೆಗೆ ಒಯ್ಯಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿ, ಮೀನುಗಳ ದಾಖಲೆ ಊರಿನವರೇ ಕೂತು ಮಾಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ ನೋಡಿ, ಬಹಳ ಕಡೆ ಸದಸ್ಯರಿಗೇ ಗೊತ್ತಿರುವುದಿಲ್ಲ. ನಮ್ಮ ಅಜ್ಜಿ ಹೇಳಿದ ಏಡಿಯ ಮಾತು ಆ ದಾಖಲೆಯಲ್ಲಿ ಇರಬೇಕಾದದ್ದು. ಆದ್ದರಿಂದ ಈ ಸಂಜೆಗಳನ್ನು ನಡೆಸುವ ಹೊಣೆಯನ್ನು ಆ ಸಮಿತಿಗೇ ಕೊಡಿ ಅಂತ ಪಂಚಾಯತ್ ರಾಜ್ ಇಲಾಖೆಯನ್ನು ಕೇಳುತ್ತೇನೆ.

ಜೂನ್ 5ರ ವಿಶ್ವ ಪರಿಸರ ದಿನದವರೆಗೆ ಕಾಯುವುದು ಬೇಡ, ಆಗ ನಮ್ಮ ಕಡೆ ಮಳೆ ಶುರುವಾಗಿರುತ್ತದೆ, ಜನ ಗದ್ದೆಯಲ್ಲಿರುತ್ತಾರೆ. ಅಡಿಕೆ ಕೊಯ್ಲು ಮುಗಿದು ಫೆಬ್ರವರಿ ಬಂದರೆ ಸಂಜೆ ಹೊತ್ತು ಸ್ವಲ್ಪ ಬಿಡುವು ಸಿಗುತ್ತದೆ, ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ. ಮೊದಲ ಚಿತ್ರ ಕಾಡಿನ ಬೆಂಕಿಯ ಮೇಲೇ ಇರಲಿ. ತಮ್ಮ ಪತ್ರಿಕೆಯೂ ಕನ್ನಡದಲ್ಲಿ ಸಿಗುವ ಇಂಥ ಕಿರುಚಿತ್ರಗಳು ಯಾವುವು, ಯಾರನ್ನು ಕೇಳಿದರೆ ಸಿಗುತ್ತವೆ ಅಂತ ಒಂದು ಪಟ್ಟಿ ಪ್ರಕಟಿಸಿದರೆ ಊರಿನ ಹುಡುಗರಿಗೆ ಬಹಳ ಸಹಾಯವಾಗುತ್ತದೆ. ಜಾಗ ಇಲ್ಲದಿದ್ದರೆ ನನ್ನ ಈ ಪತ್ರವನ್ನು ಅರ್ಧ ಕತ್ತರಿಸಿ, ಪಟ್ಟಿ ಹಾಕಿ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಓದುಗ